ಕೂಸಿನ ಹಾಸಿಗೆ ಪಕ್ಕದ ನಳದ ಡ್ರಮ್: ನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲು ವಸ್ತುವಿನ ವಿವರ ಹೇಳಿಬಿಡುತ್ತೇನೆ. 15 ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಡ್ರಮ್. ಮೇಲೆ ಬಿಗಿಯಾಗಿ ಕೂರುವ ಮುಚ್ಚಳ, ಎತ್ತಲು ತಂತಿಯ ಹಿಡಿಕೆ, ತಳದಿಂದ ಎರಡು ಬೆರಳು ಮೇಲೆ ಒಂದು ನಳ. ಬೇಸಿಗೆಯಲ್ಲಿ ಅಂಗಡಿಗಳ ಮುಂದೆ ಕುಡಿಯುವ ನೀರಿಗೆ ಇಡುತ್ತಾರಲ್ಲ, ಅದೇ ಜಾತಿಯದು, ಅಳತೆಯಲ್ಲಿ ಸ್ವಲ್ಪ ಸಣ್ಣದು. ವಿಜಯಪುರದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ ಕಡೆಯ ಒಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ 420 ರೂಪಾಯಿ ಕೊಟ್ಟು ತಂದೆ. ಕುಡಿಯುವ ನೀರಿಗಲ್ಲ, ಕೂಸಿನ ಲಂಗೋಟಿ ಬದಲಿಸಿದ ಮೇಲೆ ಕೈ ತೊಳೆಯಲು. ನಾಲ್ಕು ತಿಂಗಳಿಂದ ಅದು ನಮ್ಮ ಮಲಗುವ ಕೋಣೆಯಲ್ಲಿ, ಮಂಚದಿಂದ ಒಂದೂವರೆ ಹೆಜ್ಜೆ ದೂರದಲ್ಲಿ ಕೂತಿದೆ. ಹೊಸದಾಗಿ ತಾಯಿ ತಂದೆ ಆದವರು ಯಾರೇ ಕೇಳಿದರೂ ತೊಟ್ಟಿಲಿಗಿಂತ ಮೊದಲು ಇದನ್ನು ತನ್ನಿ ಅಂತ ಹೇಳುತ್ತೇನೆ.

ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಮನೆಯ ಜಗಳ ಹೇಳಬೇಕು.

ನಮ್ಮದು ತಾಜ್ ಬಾವಡಿ ಕಡೆಯ ಹಳೆಯ ಮನೆ. ಮುಂದೆ ಪಡಸಾಲೆ, ಆಮೇಲೆ ಮಲಗುವ ಕೋಣೆ, ಅಡುಗೆಮನೆ, ಹಿಂಬಾಗಿಲು, ಅದರಾಚೆ ಹಿತ್ತಲು. ಬಚ್ಚಲು, ನಳ, ಕಕ್ಕಸು ಎಲ್ಲ ಹಿತ್ತಲಲ್ಲೇ. ಫೆಬ್ರುವರಿ ಕೊನೆಗೆ ಮಗಳು ಹುಟ್ಟಿದಳು. ಸಿಸೇರಿಯನ್. ಬಾಣಂತನಕ್ಕೆ ರಬಕವಿಯಿಂದ ನಮ್ಮ ಅತ್ತಿಯೇ ಇಲ್ಲಿಗೆ ಬಂದರು, ಜೊತೆಗೆ ಹಳೆಯ ಮೆತ್ತನೆ ನೂಲಿನ ಸೀರೆಗಳ ಒಂದು ಗಂಟು. ಆ ಸೀರೆ ಹರಿದು ಮೂವತ್ತು ಮೂವತ್ತೈದು ಲಂಗೋಟಿ ಆದವು. ಹಗಲು ಅವೇ, ರಾತ್ರಿ ಮಾತ್ರ ಅಂಗಡಿಯ ಡೈಪರ್.

ನಾನು ಒಂದು ಹಾಲಿನ ಡೈರಿಯ ಲ್ಯಾಬ್‌ನಲ್ಲಿ ಹಾಲು ಪರೀಕ್ಷೆ ಮಾಡುವವನು. ಸ್ಯಾಂಪಲ್ ಮುಟ್ಟುವ ಮೊದಲು ಕೈ ತೊಳೆಯಬೇಕು, ಮುಟ್ಟಿದ ಮೇಲೂ ತೊಳೆಯಬೇಕು. ಹನ್ನೊಂದು ವರ್ಷದಿಂದ ಅದೇ ರೂಢಿ. ಹಾಗಾಗಿ ಮಗಳು ಮನೆಗೆ ಬಂದ ಮೊದಲ ದಿನವೇ ನಾನು ಹೇಳಿದ್ದು: ಲಂಗೋಟಿ ಬಿಚ್ಚುವ ಮೊದಲು ಸಾಬೂನು, ಕಟ್ಟಿದ ಮೇಲೆ ಸಾಬೂನು, ಉಚ್ಚೆ ಆದರೂ ಸರಿ, ಕಕ್ಕ ಆದರೂ ಸರಿ. ನನ್ನ ಹೆಂಡತಿ ಏನು ಮಾಡುತ್ತಿದ್ದಳು ಅಂದರೆ, ಉಚ್ಚೆ ಆಗಿದ್ದರೆ ಒದ್ದೆ ಲಂಗೋಟಿ ತೆಗೆದು ಒಣಗಿದ್ದು ಕಟ್ಟಿ, ಆ ಕೈಯನ್ನು ಸೀರೆ ಸೆರಗಿಗೋ ಟಾವೆಲ್ಲಿಗೋ ಒರೆಸಿಕೊಂಡು, ಕೂಸನ್ನು ಎದೆಗೆ ಹಾಕಿಕೊಳ್ಳುತ್ತಿದ್ದಳು. ಕಕ್ಕ ಆಗಿದ್ದರೆ ವೈಪ್ಸ್‌ನಿಂದ ಕೂಸನ್ನು ಒರೆಸಿ, ಇನ್ನೊಂದು ವೈಪ್ಸ್‌ನಿಂದ ತನ್ನ ಕೈ ಒರೆಸಿಕೊಳ್ಳುತ್ತಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಅವ್ವ ಮತ್ತು ಅತ್ತಿ ಇಬ್ಬರೂ ಅವಳ ಕಡೆ. "ಎದಿಹಾಲು ಕುಡಿಯೋ ಕೂಸಿನ ಹೇಲಿಗೆ ನಾತಾ ಸುದ್ದಾ ಇರೂದಿಲ್ಲ, ಅದರಾಗ ಏನ್ ಹೊಲಸಿರ್ತತಿ?" ಅಂದರು ಅವ್ವ. ಎದೆಹಾಲು ಕುಡಿಯುವ ಕೂಸಿನ ಮಲ ಹಳದಿ ಇರುತ್ತದೆ, ತೆಳ್ಳಗಿರುತ್ತದೆ, ನಾತ ಕಡಿಮೆ, ನಿಜ. ಆದರೆ ನಾತಕ್ಕೂ ರೋಗಾಣುವಿಗೂ ಸಂಬಂಧ ಇಲ್ಲ. ಕೂಸಿನ ಮಲದಲ್ಲೂ ಭೇದಿ ತರುವ ರೋಗಾಣು ಇರಬಹುದು. ಅದು ನಮ್ಮ ಕೈಯಿಂದ ರೊಟ್ಟಿಗೆ, ಹಾಲಿನ ಲೋಟಕ್ಕೆ, ಮತ್ತೆ ಕೂಸಿನ ಬಾಯಿಗೇ ಹೋಗುತ್ತದೆ. ಇದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕ ಇಲ್ಲ. ಹೇಳಿದಷ್ಟೂ ಮನೆ ಬಿಸಿ ಆಯಿತು.

ಹನ್ನೆರಡನೇ ದಿನ ರಾತ್ರಿ ನಾನು ಆಡಬಾರದ ಮಾತು ಆಡಿದೆ. "ಹಿಂತಾ ಕೈಲೆ ಕೂಸಿಗೆ ಹಾಲು ಕುಡಸಬ್ಯಾಡ" ಅಂದುಬಿಟ್ಟೆ. ಹೊಟ್ಟೆಯ ಹೊಲಿಗೆ ಇನ್ನೂ ನೋಯುತ್ತಿದ್ದ ಬಾಣಂತಿಗೆ ಆ ಮಾತು. ಅವಳು ತಿರುಗಿ ಒಂದೇ ಮಾತು ಅಂದಳು: "ನಾ ಕೈ ತೊಳ್ಯಾಕ ಹಿತ್ತಲಕ್ಕ ಹೋದ್ರ ಇಲ್ಲಿ ಕೂಸನ್ನ ನೋಡವ್ರು ಯಾರ್ರೀ?" ಆಮೇಲೆ ಗೋಡೆ ಕಡೆ ಮುಖ ಮಾಡಿ ಅತ್ತಳು. ಅತ್ತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಅವಳಿಗೆ ಜ್ವರ ಬಂತು. ರಾತ್ರಿ ಪಾಳಿ ನನ್ನದಾಯಿತು. ಎರಡೂವರೆಗೆ ಕೂಸು ಅತ್ತಿತು. ಡೈಪರ್ ಬಿಚ್ಚಿದರೆ ಬೆನ್ನಿನವರೆಗೂ ಕಕ್ಕ. ಒರೆಸಿದೆ, ಬದಲಿಸಿದೆ. ನನ್ನ ಎರಡೂ ಕೈ ಹೊಲಸು. ಕೂಸನ್ನು ಎತ್ತಿಕೊಳ್ಳುವಂತಿಲ್ಲ, ಮಂಚದ ಮೇಲೆ ಬಿಟ್ಟು ಹೋಗುವಂತಿಲ್ಲ. ಹೆಂಡತಿಯನ್ನು ಎಬ್ಬಿಸಿ ಕೂಸಿನ ಪಕ್ಕ ಇರು ಅಂತ ಹೇಳಿ ಹೊರಟೆ. ಅಡುಗೆಮನೆ ದೀಪದ ಸ್ವಿಚ್ ಒತ್ತಿದೆ. ಹಿಂಬಾಗಿಲ ಚಿಲಕ ತೆಗೆದೆ. ಹಿತ್ತಲ ದೀಪದ ಸ್ವಿಚ್. ನಳ ತಿರುಗಿಸಿದೆ, ನೀರು ಬರಲಿಲ್ಲ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ, ಬಂದ ದಿನ ಸಿಂಟೆಕ್ಸ್ ತುಂಬಿಸಿಕೊಳ್ಳಬೇಕು, ಅವತ್ತು ಟ್ಯಾಂಕ್ ಖಾಲಿ ಆಗಿತ್ತು. ಕೊಡದ ಮುಚ್ಚಳ ತೆಗೆದು, ಚೊಂಬು ಮುಳುಗಿಸಿ, ಒಂದು ಕೈಯಿಂದ ಇನ್ನೊಂದು ಕೈಗೆ ನೀರು ಹಾಕಿಕೊಂಡು ಸಾಬೂನಿನಿಂದ ಚೆನ್ನಾಗಿ ತೊಳೆದೆ. ಆಮೇಲೆ ಅದೇ ತೊಳೆದ ಕೈಯಿಂದ ಅದೇ ಸ್ವಿಚ್ ಆರಿಸಿ, ಅದೇ ಚಿಲಕ ಹಾಕಿ ಬಂದೆ.

ಚಿಲಕ ಹಾಕುವಾಗಲೇ ತಿಳಿಯಿತು. ನಾನು ಹದಿಮೂರು ದಿನದಿಂದ ತೊಳೆಯುತ್ತಿದ್ದ ಕೈ ತೊಳೆದ ಕೈಯೇ ಅಲ್ಲ. ಹೋಗುವಾಗ ಹೊಲಸು ಕೈಯಿಂದ ಮುಟ್ಟಿದ್ದನ್ನೇ ಬರುವಾಗ ಶುದ್ಧ ಕೈಯಿಂದ ಮುಟ್ಟುತ್ತಿದ್ದೆ. ಕುಡಿಯುವ ನೀರಿನ ಕೊಡದ ಮುಚ್ಚಳ ಮುಟ್ಟಿದ್ದೆ, ಚೊಂಬು ಮುಟ್ಟಿದ್ದೆ. ಬೆಳಗ್ಗೆ ಅವ್ವ ಅದೇ ಚೊಂಬಿನಲ್ಲಿ ಚಹಾಕ್ಕೆ ನೀರು ತೆಗೆಯುತ್ತಿದ್ದರು. ವೈಪ್ಸ್‌ನಲ್ಲಿ ಕೈ ಒರೆಸಿಕೊಂಡು ಮಂಚ ಬಿಟ್ಟು ಇಳಿಯದ ನನ್ನ ಹೆಂಡತಿ ನನಗಿಂತ ಕಡಿಮೆ ಜಾಗ ಹೊಲಸು ಮಾಡಿದ್ದಳು.

ಬೆಳಗಾದ ಮೇಲೆ ಹೆಜ್ಜೆ ಎಣಿಸಿದೆ. ಮಂಚದಿಂದ ಬಚ್ಚಲಿಗೆ 26. ಹೋಗಿ ಬರಲು 52. ಮೊದಲ ತಿಂಗಳು ಕೂಸಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬದಲಿಸುತ್ತಿದ್ದೆವು. ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಂತ ನನ್ನ ಲೆಕ್ಕದ ಹಾಗೆ ತೊಳೆದರೆ ಬಾಣಂತಿ ಸಾವಿರಕ್ಕಿಂತ ಜಾಸ್ತಿ ಹೆಜ್ಜೆ ನಡೆಯಬೇಕು, ಹಿಂಬಾಗಿಲ ಹೊಸ್ತಿಲು ಹತ್ತಿ ಇಳಿದು, ಹೊಲಿಗೆ ಹಿಡಿದುಕೊಂಡು. ಅದನ್ನು ನಾನು ಕೇಳಿದ್ದೆ.

ಅವತ್ತು ಹದಿನಾಲ್ಕನೇ ದಿನ, ಆರೋಗ್ಯ ಇಲಾಖೆಯ ಆಶಾ ಕಾರ್ಯಕರ್ತೆ ಅಕ್ಕಾರು ಮನೆಗೆ ಬರುವ ದಿನ. ಸಿಸೇರಿಯನ್ ಆಗಿ ಮನೆಗೆ ಬಂದವರಿದ್ದರೆ 7, 14, 21, 28 ಮತ್ತು 42ನೇ ದಿನ ಕೂಸನ್ನು, ಬಾಣಂತಿಯನ್ನು ನೋಡಲು ಅವರು ಬರುತ್ತಾರೆ. ಬಂದವರು ಕೂಸನ್ನು ಮುಟ್ಟುವ ಮೊದಲು ಕೈ ತೊಳೆಯಲು ನೀರು ಕೇಳಿದರು. ನಾನು ಚೊಂಬಿನಿಂದ ಅವರ ಕೈಗೆ ನೀರು ಹಾಕಿದೆ. ಅಂಗೈ, ಮುಂಗೈ, ಬೆರಳ ಸಂದು, ಉಗುರ ತುದಿ, ಹೆಬ್ಬೆರಳು, ಎಲ್ಲ ಉಜ್ಜಿ ತೊಳೆದು, ಒರೆಸಿಕೊಳ್ಳದೆ ಗಾಳಿಗೆ ಒಣಗಿಸಿಕೊಂಡರು. ನಮ್ಮ ಜಗಳ ಹೇಳಿದೆ. ಅವರು ಯಾರ ಕಡೆಯೂ ಮಾತಾಡಲಿಲ್ಲ. "ಅಣ್ಣಾರ, ನೀರು ಇಷ್ಟು ದೂರ ಇಟ್ಕೊಂಡ್ರ ಯಾರೂ ತೊಳ್ಯಂಗಿಲ್ರಿ. ನೀರೇ ಕೂಸಿನ ಹಂತ್ಯಾಕ ಬರ್ಲಿ" ಅಂದರು. ಆ ಸಂಜೆಯೇ ನಾನು ಡ್ರಮ್ ತರಲು ಹೋದದ್ದು.

ಈಗ ಡ್ರಮ್ಮಿನ ಒಳ್ಳೆಯದು ಕೆಟ್ಟದ್ದು.

ಎಲ್ಲಕ್ಕಿಂತ ಮುಖ್ಯ ನಳ. ಡ್ರಮ್ ಯಾವುದಾದರೂ ನಡೆಯುತ್ತದೆ, ನಳ ನೋಡಿ ತನ್ನಿ. ಮೊದಲು ಬೇರೆ ಅಂಗಡಿಯೊಂದರಲ್ಲಿ ತಂದ ಡ್ರಮ್ಮಿಗೆ ಬೆರಳಿನಿಂದ ತಿರುವುವ ನಳ ಇತ್ತು. ಎರಡು ತಪ್ಪು ಅದರಲ್ಲಿ. ಒಂದು, ಮೂರೇ ದಿನಕ್ಕೆ ಬುಡದಲ್ಲಿ ಹನಿ ಹನಿ ಸೋರಿ ನೆಲ ಒದ್ದೆ. ಇನ್ನೊಂದು ಅದಕ್ಕಿಂತ ದೊಡ್ಡದು: ಹೊಲಸು ಬೆರಳಿನಿಂದ ತಿರುವಿ ಬಿಡಬೇಕು, ತೊಳೆದ ಬೆರಳಿನಿಂದ ತಿರುವಿ ನಿಲ್ಲಿಸಬೇಕು. ಚಿಲಕದ ಕಥೆಯೇ ಮತ್ತೆ. ಅದನ್ನು ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಈಗ ಅದು ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕಲು ಇದೆ. ಎರಡನೆಯದಕ್ಕೆ ಒತ್ತುವ ನಳ ಇದೆ. ಉದ್ದನೆ ಹಿಡಿಕೆ, ಮೊಣಕೈಯಿಂದ ಅಥವಾ ಮಣಿಕಟ್ಟಿನಿಂದ ಕೆಳಗೆ ಒತ್ತಿದರೆ ನೀರು, ಮೇಲೆ ಎತ್ತಿದರೆ ಬಂದ್. ಬೆರಳು ತಾಗಿಸುವ ಕೆಲಸವೇ ಇಲ್ಲ. ಒತ್ತಿದರೆ ಹಾಗೇ ನಿಲ್ಲಬೇಕು, ಅದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ. ಕೆಲವು ನಳ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು ಬಿಡುತ್ತವೆ, ಬಿಟ್ಟ ಕೂಡಲೆ ನಿಲ್ಲುತ್ತವೆ. ಅಂಥದ್ದರಲ್ಲಿ ಎರಡೂ ಕೈ ಒಟ್ಟಿಗೆ ತೊಳೆಯಲು ಆಗುವುದಿಲ್ಲ.

ಎತ್ತರ ನಾವೇ ಮಾಡಿಕೊಳ್ಳಬೇಕು. ನೆಲದ ಮೇಲಿಟ್ಟರೆ ಬಗ್ಗಬೇಕು, ಸಿಸೇರಿಯನ್ ಆದವರಿಗೆ ಅದು ಆಗದ ಮಾತು. ನಾವು ಮರದ ಸ್ಟೂಲ್ ಮೇಲೆ ಡ್ರಮ್ ಇಟ್ಟು, ಅದರ ಕೆಳಗೆ ಅಗಲ ಬಾಯಿಯ ಬಕೆಟ್ ಇಟ್ಟಿದ್ದೇವೆ. ನಳ ಮಂಚದ ಎತ್ತರಕ್ಕಿಂತ ಒಂದು ಗೇಣು ಮೇಲೆ ಬರುತ್ತದೆ. ಮಂಚದ ಅಂಚಿಗೆ ಕೂತು, ಒಂದು ಕಣ್ಣು ಕೂಸಿನ ಮೇಲೆ ಇಟ್ಟುಕೊಂಡೇ ತೊಳೆಯಬಹುದು. ಸ್ಟೂಲ್ ಅಲುಗಾಡದ ಹಾಗೆ ಗೋಡೆಗೆ ಒತ್ತಿ ಇಡಿ. 15 ಲೀಟರ್ ನೀರು ಅಂದರೆ 15 ಕೆಜಿ ಭಾರ, ಬಿದ್ದರೆ ಅಪಾಯ.

ನೀರು ಎಷ್ಟು ಹಿಡಿಯುತ್ತದೆ ಅನ್ನುವುದು ನಮ್ಮ ಊರಿನವರಿಗೆ ಮುಖ್ಯ ಪ್ರಶ್ನೆ. ನಾನು ಅಳತೆ ಮಾಡಿದೆ. ನಳ ಸಣ್ಣಗೆ ಬಿಟ್ಟು, ಕೈ ನೆನೆಸಿ, ನಳ ಬಂದ್ ಮಾಡಿ, 20 ಸೆಕೆಂಡ್ ಸಾಬೂನು ಉಜ್ಜಿ, ಮತ್ತೆ ನಳ ಬಿಟ್ಟು ತೊಳೆದರೆ ಅರ್ಧ ಲೀಟರ್ ಸಾಕು. ಬಚ್ಚಲಲ್ಲಿ ಚೊಂಬಿನಿಂದ ತೊಳೆದಾಗ ಎರಡು ಲೀಟರ್ ಹೋಗುತ್ತಿತ್ತು. ಒಂದು ಡ್ರಮ್ ನಮಗೆ ಒಂದು ಇಡೀ ದಿನ ಬರುತ್ತದೆ, ಕೆಲವು ಸಲ ಮರುದಿನ ಮಧ್ಯಾಹ್ನದವರೆಗೂ. ಕೆಳಗಿನ ಬಕೆಟ್ಟಿನ ನೀರು ಕಕ್ಕಸಿಗೆ ಹಾಕುತ್ತೇವೆ. ಏಪ್ರಿಲ್, ಮೇನಲ್ಲಿ ನೀರಿನ ಟ್ಯಾಂಕರ್ ತರಿಸುವ ಹೊತ್ತಲ್ಲೂ ಕೈ ತೊಳೆಯುವುದಕ್ಕೆ ತೊಂದರೆ ಆಗಲಿಲ್ಲ.

ಬೋರ್ ನೀರು ಹಾಕಬೇಡಿ. ನಮ್ಮ ಕಡೆಯ ಬೋರ್ ನೀರು ಗಡಸು, ಸಾಬೂನು ನೊರೆ ಬಿಡುವುದಿಲ್ಲ, ಕೈ ಉರಿಯುವ ಹಾಗೆ ಒಣಗುತ್ತದೆ, ತಿಂಗಳೊಳಗೆ ನಳದ ಬಾಯಲ್ಲಿ ಬಿಳಿ ಪದರು ಕಟ್ಟುತ್ತದೆ. ನಳಕ್ಕೆ ಬರುವ ಕೃಷ್ಣಾ ನೀರು ತುಂಬಿಸಿದರೆ ನೊರೆ ಚೆನ್ನಾಗಿ ಬರುತ್ತದೆ. ಬಿಳಿ ಪದರು ಕಟ್ಟಿದರೆ ನಿಂಬೆಹಣ್ಣಿನ ಹೋಳು ತೆಗೆದು ನಳದ ಬಾಯಿಗೆ ಉಜ್ಜಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಇಂಡಿ ನಿಂಬೆ ಮನೆಯಲ್ಲಿ ಇದ್ದೇ ಇರುತ್ತದೆ ಅಲ್ವಾ.

ಮುಚ್ಚಳದ ವಿಷಯದಲ್ಲಿ ಉದಾಸೀನ ಬೇಡ. ಡೆಂಗಿ ತರುವ ಸೊಳ್ಳೆ ಇಂಥ ತಿಳಿ ನೀರಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಕೂಸು ಮಲಗುವ ಕೋಣೆಯಲ್ಲಿ ಅದು ಆಗಬಾರದು. ಪ್ರತಿ ಭಾನುವಾರ ಪೂರ್ತಿ ಖಾಲಿ ಮಾಡಿ, ಒಳಗೆ ಬ್ರಷ್ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಆಮೇಲೆ ತುಂಬಿಸುತ್ತೇನೆ. ಈ ಡ್ರಮ್ಮಿನ ಬಾಯಿ ನನ್ನ ಕೈ ಪೂರ್ತಿ ಒಳಗೆ ಹೋಗುವಷ್ಟು ಅಗಲ ಇದೆ, ಅದಕ್ಕೆ ಒಂದು ಅಂಕ ಜಾಸ್ತಿ. ಬಾಯಿ ಸಣ್ಣ ಇರುವ ಕ್ಯಾನ್ ಮಾದರಿಯದ್ದು ತಂದರೆ ಒಳಗೆ ತಿಕ್ಕಲು ಆಗುವುದಿಲ್ಲ.

ಸಾಬೂನು ಪೆಟ್ಟಿಗೆಯಲ್ಲಿ ಇಟ್ಟರೆ ಕರಗಿ ಲೋಳೆ ಆಗುತ್ತದೆ. ಹೆಂಡತಿಯೇ ಒಂದು ದಾರಿ ಹುಡುಕಿದಳು: ಬೆಳ್ಳುಳ್ಳಿ ತರುವ ಬಲೆ ಚೀಲ ಇರುತ್ತದಲ್ಲ, ಅದರಲ್ಲಿ ಸಾಬೂನು ಹಾಕಿ ಡ್ರಮ್ಮಿನ ಹಿಡಿಕೆಗೆ ಕಟ್ಟಿದಳು. ಬಲೆ ಸಮೇತ ಉಜ್ಜಿದರೆ ನೊರೆ ಜಾಸ್ತಿ, ನೀರು ಇಳಿದು ಸಾಬೂನು ಒಣಗಿ ಇರುತ್ತದೆ. ಒರೆಸಲು ಬೇರೆ ಟಾವೆಲ್, ಕೂಸಿನದ್ದಲ್ಲ, ಅಡುಗೆಮನೆಯದ್ದೂ ಅಲ್ಲ, ದಿನಾ ಬದಲಿಸುತ್ತೇವೆ.

ಡ್ರಮ್ ಬಂದ ಮೇಲೆ ಜಗಳ ಒಂದೇ ಏಟಿಗೆ ಮುಗಿಯಲಿಲ್ಲ. ಆದರೆ ಜಗಳದ ಜಾಗ ಬದಲಾಯಿತು. ಕಕ್ಕ ತೊಳೆದ ಮೇಲೆ ಸಾಬೂನು, ಅದರಲ್ಲಿ ಈಗ ಯಾರಿಗೂ ಅನುಮಾನ ಇಲ್ಲ. ನೀರು ಕೈಗೆ ಸಿಕ್ಕಿದ ದಿನದಿಂದ ನನ್ನ ಹೆಂಡತಿ ಒಂದು ಸಲವೂ ತಪ್ಪಿಸಿಲ್ಲ, ನಾನು ಹೇಳುವ ಪ್ರಸಂಗವೇ ಬಂದಿಲ್ಲ. ಆರನೇ ವಾರದ ಲಸಿಕೆಗೆ ಹೋದಾಗ ಸಿಸ್ಟರ್ ಇನ್ನೊಂದು ವಿಷಯ ಹೇಳಿದರು. ಪೋಲಿಯೊ ಹನಿ, ರೋಟಾ ಹನಿ ಹಾಕಿದ ಮೇಲೆ ಕೆಲವು ದಿನ, ಕೆಲವು ಸಲ ಕೆಲವು ವಾರ, ಆ ಲಸಿಕೆಯ ವೈರಾಣು ಕೂಸಿನ ಮಲದಲ್ಲಿ ಬರುತ್ತದೆ, ಆಗ ಇನ್ನೂ ಚೆನ್ನಾಗಿ ಕೈ ತೊಳೆಯಿರಿ ಅಂತ. ಈ ಹನಿಗಳು 6, 10, 14ನೇ ವಾರ ಹಾಕುತ್ತಾರೆ. ರೋಟಾ ಹನಿ 2016ರಿಂದ ಹಂತ ಹಂತವಾಗಿ ಸರ್ಕಾರಿ ಲಸಿಕೆಗಳ ಪಟ್ಟಿಗೆ ಸೇರಿದೆ, ಮಕ್ಕಳಿಗೆ ಬರುವ ಜೋರು ಭೇದಿಗೆ ಅದು ತಡೆ, ದುಡ್ಡು ಕೊಡುವ ಹಾಗಿಲ್ಲ, ದಯವಿಟ್ಟು ತಪ್ಪಿಸಬೇಡಿ. ಸಿಸ್ಟರ್ ಹೇಳಿದ್ದನ್ನು ಅವ್ವ ಕೇಳಿಸಿಕೊಂಡರು. ಅವತ್ತಿಂದ ನಾತದ ಮಾತು ಎತ್ತಿಲ್ಲ.

ಲಂಗೋಟಿ ಬಿಚ್ಚುವ ಮೊದಲೂ ತೊಳೆಯಬೇಕು ಅನ್ನುವುದರಲ್ಲಿ ನಾನು ಸೋತೆ. ಆಶಾ ಅಕ್ಕಾರು ಹೇಳಿದ ಲೆಕ್ಕದಲ್ಲಿ ಕೈ ತೊಳೆಯಲೇಬೇಕಾದ ಹೊತ್ತು ಐದು: ನಾವು ಕಕ್ಕಸಿಗೆ ಹೋಗಿ ಬಂದ ಮೇಲೆ, ಕೂಸಿನ ಕಕ್ಕ ತೊಳೆದ ಮೇಲೆ, ಅಡುಗೆಗೆ ಮೊದಲು, ಉಣ್ಣುವ ಮೊದಲು, ಕೂಸಿಗೆ ಉಣಿಸುವ ಮೊದಲು. ಲಂಗೋಟಿಗೆ ಮೊದಲು ಅಂತ ಅದರಲ್ಲಿ ಇಲ್ಲ. ಹೊಕ್ಕಳ ಬಳ್ಳಿ ಬಿದ್ದು ಗಾಯ ಒಣಗುವವರೆಗೆ ಮಾತ್ರ ಮೊದಲೂ ತೊಳೆಯುವುದು ಒಳ್ಳೆಯದು ಅಂದರು. ಸರಿ ಅಂತ ಬಿಟ್ಟೆ. ಬಿಟ್ಟ ಹತ್ತನೇ ದಿನಕ್ಕೆ ರಂಜಕದ, ಅಂದರೆ ಖಾರದ ಚಟ್ನಿಯ, ಪ್ರಸಂಗ ಆಯಿತು.

ಅವ್ವ ರೊಟ್ಟಿಗೆ ಅಂತ ಕೆಂಪು ಮೆಣಸಿನಕಾಯಿ ರಂಜಕ ಕುಟ್ಟುತ್ತಿದ್ದರು. ಕೂಸು ಅತ್ತಿತು. ಹತ್ತಿರ ಇದ್ದವರು ಅವರೇ. ಕೈಯನ್ನು ಬರೀ ಅರಿವೆಗೆ ಒರೆಸಿಕೊಂಡು ಓಡಿ ಬಂದು ಲಂಗೋಟಿ ಬದಲಿಸಿದರು. ಆಮೇಲೆ ಕೂಸು ಅತ್ತದ್ದು ಬೇರೆಯದೇ ಅಳು. ನಾನು ಕೆಲಸದಲ್ಲಿದ್ದೆ, ಫೋನಲ್ಲೇ ಕೇಳಿಸುತ್ತಿತ್ತು. ಹೆಂಡತಿ ಡ್ರಮ್ಮಿನ ನೀರಲ್ಲೇ, ಕೂಸಿನ ಸಾಬೂನು ಹಾಕಿ, ಎರಡು ಮೂರು ಸಲ ತೊಳೆದಳು. ಅರ್ಧ ತಾಸಿಗೆ ಸಮಾಧಾನ ಆಯಿತು, ಚರ್ಮಕ್ಕೆ ಏನೂ ಆಗಲಿಲ್ಲ. ಅವ್ವ ಅವತ್ತು ಉಣ್ಣಲಿಲ್ಲ. ಖಾರ ಎಣ್ಣೆಯಲ್ಲಿ ಕರಗುವ ವಸ್ತು, ನೀರಿನಿಂದ ಮಾತ್ರ ಕೈ ಬಿಟ್ಟು ಹೋಗುವುದಿಲ್ಲ, ಸಾಬೂನು ಬೇಕೇ ಬೇಕು. ಈಗ ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಬಂದವರು, ಹೊರಗಿನಿಂದ ಬಂದವರು ಮೊದಲೂ ತೊಳೆಯುತ್ತಾರೆ. ಮಂಚದ ಮೇಲೇ ಇದ್ದವರಿಗೆ ಆ ಕಟ್ಟಳೆ ಇಲ್ಲ. ಇದನ್ನು ಹೇಳಿದವಳು ನನ್ನ ಹೆಂಡತಿ, ನಾನಲ್ಲ.

ಉಚ್ಚೆಗೆ ಬರೀ ನೀರು ಸಾಕು ಅಂತ ಅವಳು, ಸಾಬೂನು ಬೇಕು ಅಂತ ನಾನು. ಇದು ಇನ್ನೂ ಬಗೆಹರಿದಿಲ್ಲ. ದಿನಕ್ಕೆ ಇಪ್ಪತ್ತು ಸಲ ಸಾಬೂನು ಹಾಕಿ ಅವಳ ಬೆರಳ ಸಂದು ಒಡೆದಿದ್ದು ನಾನೇ ನೋಡಿದ್ದೇನೆ. ಈಗ ರಾತ್ರಿ ಮಲಗುವಾಗ ಇಬ್ಬರೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಹೇಗೂ ಸಾಬೂನು ಕಣ್ಣೆದುರಿಗೇ ತೂಗುತ್ತಿರುತ್ತದೆ, ಹೆಚ್ಚಿನ ಸಲ ಅವಳ ಕೈ ಅದರ ಕಡೆ ತಾನಾಗಿ ಹೋಗುತ್ತದೆ. ನಾನು ಕೇಳುವುದನ್ನು ಬಿಟ್ಟಿದ್ದೇನೆ.

ವೈಪ್ಸ್, ಸ್ಯಾನಿಟೈಸರ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಡ್ರಮ್ ಯಾಕೆ, ಅವು ಸಾಲವಾ ಅಂತ ಕೇಳುವವರು ಇದ್ದಾರೆ. ರಬಕವಿಗೆ ಬಸ್ಸಿನಲ್ಲಿ ಹೋಗುವಾಗ ಎರಡೂ ಬೇಕು, ನಾವೂ ಒಯ್ಯುತ್ತೇವೆ. ಮನೆಯಲ್ಲಿ ನೀರು ಸಾಬೂನಿನ ಜಾಗಕ್ಕೆ ಅವು ಬರುವುದಿಲ್ಲ. ವೈಪ್ಸ್ ಕೈ ಮೇಲಿನ ಹೊಲಸನ್ನು ಸ್ವಲ್ಪ ತೆಗೆದು ಉಳಿದದ್ದನ್ನು ಸವರುತ್ತದೆ. ಸ್ಯಾನಿಟೈಸರ್ ಹೊಲಸು ಮೆತ್ತಿದ ಕೈ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ, ವಾಂತಿ ಭೇದಿ ತರುವ ನೊರೋ ವೈರಸ್ಸಿನಂಥವು ಅದಕ್ಕೆ ಅಷ್ಟು ಸುಲಭಕ್ಕೆ ಸಾಯುವುದೂ ಇಲ್ಲ. ಇನ್ನು ದುಡ್ಡಿನ ಲೆಕ್ಕ: ಮೊದಲ ಹದಿನೈದು ದಿನಕ್ಕೆ ವೈಪ್ಸ್‌ಗೆ ನಾವು ಹಾಕಿದ ದುಡ್ಡು ಈ ಡ್ರಮ್ಮಿಗಿಂತ ಜಾಸ್ತಿ. ಈಗ ಕೂಸನ್ನೂ ಅದೇ ನೀರಿನಿಂದ ತೊಳೆಯುತ್ತೇವೆ. ರಬ್ಬರ್ ಶೀಟಿನ ಮೇಲೆ ಮಲಗಿಸಿ, ಹತ್ತಿ ಬಟ್ಟೆ ನೆನೆಸಿ, ಮುಂದಿನಿಂದ ಹಿಂದಕ್ಕೆ ಒರೆಸುವುದು. ಹೆಣ್ಣು ಕೂಸಿಗೆ ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ರೋಗಾಣು ಮೂತ್ರದ ದಾರಿಗೆ ಸೇರಿ ಸೋಂಕು ಆಗಬಹುದು. ಇದನ್ನು ಅತ್ತಿ ಮೊದಲಿನಿಂದಲೂ ಸರಿಯಾಗಿಯೇ ಮಾಡುತ್ತಿದ್ದರು, ನನಗೇ ಗೊತ್ತಿರಲಿಲ್ಲ. ಪೌಡರ್ ಹಾಕುವುದನ್ನು ಮಾತ್ರ ಬಿಡಿಸಿದೆವು, ಅದರ ಧೂಳು ಕೂಸಿನ ಉಸಿರಿಗೆ ಹೋಗುತ್ತದೆ. ಮೇ ತಿಂಗಳ ಸೆಕೆಯಲ್ಲಿ ರಾತ್ರಿಯ ಡೈಪರ್‌ನಿಂದ ತೊಡೆ ಸಂದು ಕೆಂಪಾಗಿತ್ತು. ನೀರಿನಿಂದ ತೊಳೆದು, ಬಟ್ಟೆ ಒತ್ತಿ ತೇವ ತೆಗೆದು, ಹತ್ತು ನಿಮಿಷ ಹಾಗೇ ಗಾಳಿಗೆ ಬಿಟ್ಟು, ಜಿಂಕ್ ಆಕ್ಸೈಡ್ ಇರುವ ಮುಲಾಮು ಹಚ್ಚಿದ್ದಕ್ಕೆ ನಾಲ್ಕು ದಿನಕ್ಕೆ ಇಳಿಯಿತು.

ಬಳಸಿದ ಡೈಪರ್ ಬಗ್ಗೆ ಇನ್ನೊಂದು ಮಾತು. ಒಳಗಿನ ಕಕ್ಕವನ್ನು ಕಕ್ಕಸಿಗೆ ಹಾಕಿ, ಡೈಪರನ್ನು ಹಳೆ ಪೇಪರಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಸುತ್ತಿಯೇ ಕೊಡಬೇಕು ಅಂತ ಸರ್ಕಾರದ ಘನತ್ಯಾಜ್ಯ ನಿಯಮದಲ್ಲೂ ಬರೆದಿದ್ದಾರೆ. ನಾವು ಸುತ್ತದೆ ಕೊಟ್ಟರೆ ಅದನ್ನು ಬರಿಗೈಯಿಂದ ತೆಗೆಯುವವರು ಗಾಡಿಯ ಮೇಲಿನ ಪೌರಕಾರ್ಮಿಕರು. ಅವರ ಮನೆಯಲ್ಲೂ ಕೂಸುಗಳಿರುತ್ತವೆ.

ಡ್ರಮ್ಮಿಗೆ ಕೊರತೆಗಳೂ ಇವೆ. ಪ್ಲಾಸ್ಟಿಕ್ ತೆಳು, ತುಂಬಿದಾಗ ಹೊಟ್ಟೆ ಸ್ವಲ್ಪ ಉಬ್ಬುತ್ತದೆ. ತುಂಬಿದ ಡ್ರಮ್ಮನ್ನು ಹಿಡಿಕೆ ಹಿಡಿದು ಎತ್ತಿದರೆ ಹಿಡಿಕೆ ಕಿತ್ತು ಬರುತ್ತದೆ ಅಂತ ಅನಿಸುತ್ತದೆ, ಅದಕ್ಕೇ ನಾನು ಜಾಗದಲ್ಲೇ ಇಟ್ಟು ಬಕೆಟ್ಟಿನಿಂದ ತುಂಬಿಸುತ್ತೇನೆ. ನಳ ತಳಕ್ಕಿಂತ ಮೇಲೆ ಇರುವುದರಿಂದ ಕೊನೆಯ ಒಂದು ಲೀಟರ್ ನೀರು ಬರುವುದಿಲ್ಲ, ಡ್ರಮ್ಮನ್ನು ಓರೆ ಮಾಡಬೇಕು. ಮೂರನೇ ತಿಂಗಳಲ್ಲಿ ನಳದ ವಾಷರ್ ಸವೆದು ಸೋರಿತು, ಹಾರ್ಡ್‌ವೇರ್ ಅಂಗಡಿಯಲ್ಲಿ 10 ರೂಪಾಯಿಗೆ ರಬ್ಬರ್ ವಾಷರ್ ಸಿಕ್ಕಿತು, ಐದು ನಿಮಿಷದ ಕೆಲಸ. ಸ್ಟೀಲ್ ಡ್ರಮ್ ತಂದಿದ್ದರೆ ಬಾಳಿಕೆ ಜಾಸ್ತಿ, ಆದರೆ ಬೆಲೆ ಮೂರು ಪಟ್ಟು ಹೇಳಿದರು, ಮತ್ತು ನಾನು ನೋಡಿದ ಸ್ಟೀಲ್ ಡ್ರಮ್ಮುಗಳಿಗೆಲ್ಲ ತಿರುವುವ ನಳವೇ ಇತ್ತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಮಗಳಿಗೆ ಈಗ ಐದು ತಿಂಗಳು. ಮಗ್ಗಲು ಹೊರಳುತ್ತಾಳೆ, ಒಂದು ಕ್ಷಣವೂ ಮಂಚದ ಮೇಲೆ ಬಿಟ್ಟು ಹೋಗುವಂತಿಲ್ಲ. ಬಲೆಯಲ್ಲಿ ತೂಗುವ ಸಾಬೂನನ್ನು ನೋಡಿ ಕೈ ಚಾಚುತ್ತಾಳೆ. ತೆವಳಲು ಶುರು ಮಾಡುವ ಮೊದಲು ಸ್ಟೂಲ್ ತೆಗೆದು ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆಸಬೇಕು.

ಹೋದ ವಾರ ರಬಕವಿಯಲ್ಲಿರುವ ನಾದಿನಿಗೆ ಒಂದು ಡ್ರಮ್ ತರಲು ಹೋಗಿದ್ದೆವು. ಅವಳಿಗೆ ಶ್ರಾವಣದಲ್ಲಿ ಹೆರಿಗೆ. ಈ ಸಲ ಹೆಂಡತಿಯೇ ಮುಂದೆ ನಿಂತು ಆರಿಸಿದಳು. ಅಂಗಡಿಯವರು ಹಸಿರು ಬೇಕಾ ನೀಲಿ ಬೇಕಾ ಅಂತ ಕೇಳುತ್ತಿದ್ದರು. ಅವಳು ಮಗಳನ್ನು ನನ್ನ ಕೈಗೆ ಕೊಟ್ಟು, ಒಂದು ಚೊಂಬು ನೀರು ತರಿಸಿ ಡ್ರಮ್ಮಿಗೆ ಹಾಕಿಸಿ, ನಳವನ್ನು ಮೊಣಕೈಯಿಂದ ಒತ್ತಿದಳು. ನೀರು ಬಂತು. ಮೊಣಕೈಯಿಂದಲೇ ಎತ್ತಿದಳು. ನಿಂತಿತು. ಬುಡಕ್ಕೆ ಬೆರಳು ಮುಟ್ಟಿಸಿ ತೇವ ಇದೆಯಾ ಅಂತ ನೋಡಿ, "ಇದನ್ನ ಕಟ್ರಿ" ಅಂದಳು.